ಟೀಚರ್‌ಗಳು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದಾರೆ, ನಾನು ಎಡವಿದ್ದು ಎಲ್ಲಿ?

ನೀಲಿ ಬಾಗಿಲು

ಎಲ್ಲರಿಗೂ ನಮಸ್ಕಾರ. ನಾನೊಂದು ಡೇಕೇರ್ ಮತ್ತು ಪ್ರೀಸ್ಕೂಲ್ ನೋಡಿಕೊಳ್ಳುತ್ತೇನೆ. ಆರು ತಿಂಗಳ ಕೂಸಿನಿಂದ ಐದು ವರ್ಷದವರ ತನಕ ಮಕ್ಕಳಿದ್ದಾರೆ. ಟೀಚರ್‌ಗಳು, ಸಹಾಯಕಿಯರು ಎಲ್ಲ ಸೇರಿ ನಾವು 14 ಜನ. ಕಳೆದ ನಾಲ್ಕು ತಿಂಗಳಲ್ಲಿ ಮೂವರು ಬಿಟ್ಟು ಹೋದರು. ಕೆಲಸ ಬರದೆ ಹೋದವರಲ್ಲ, ಮೂವರೂ ಮಕ್ಕಳ ಕೈಗೆ ಸಿಕ್ಕ ಒಳ್ಳೆ ಜನ.

ನಾನೇನೂ ಸುಮ್ನೆ ಕೂತಿರಲಿಲ್ಲ. 'ಸಿಬ್ಬಂದಿ ನೆಮ್ಮದಿ ದಿನ' ಅಂತ ಮಾಡಿದೆ. ಒಬ್ಬರನ್ನು ಕರೆಸಿ ಉಸಿರಾಟದ ವ್ಯಾಯಾಮ ಹೇಳಿಸಿದೆ. ಪ್ರತಿಯೊಬ್ಬರಿಗೂ ಹೆಸರು ಬರೆಸಿದ ಮಗ್ ಕೊಟ್ಟೆ. ಗೋಡೆಗೆ 'ನೀವಿದ್ದರೆ ನಾವು' ಅಂತ ಬೋರ್ಡ್ ಹಾಕಿಸಿದೆ. ಆ ನೆಮ್ಮದಿ ದಿನ ಇಟ್ಟಿದ್ದು ಅವರ ರಜೆಯ ದಿನ ಅನ್ನುವುದು ಈಗ ಇದನ್ನು ಬರೆಯುವಾಗ ಹೊಳೆಯುತ್ತಿದೆ.

ಎರಡು ವರ್ಷದ ಮಕ್ಕಳ ಕೋಣೆಯ ಟೀಚರ್ ಮಗ್ ತಗೊಂಡು ಹೇಳಿದರು, "ಮೇಡಂ, ಮಗ್ ತುಂಬಾ ಚೆನ್ನಾಗಿದೆ. ಇದರಲ್ಲಿರೋದು ಆರೋಕೆ ಮುಂಚೆ ಕುಡಿಯೋಷ್ಟು ಟೈಮ್ ಸಿಕ್ಕರೆ ಇನ್ನೂ ಚೆನ್ನಾಗಿರುತ್ತೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಇಪ್ಪತ್ತು ದಿನ ಆದ ಮೇಲೆ ಅವರ ರಾಜೀನಾಮೆ ಪತ್ರ ನನ್ನ ಮೇಜಿನ ಮೇಲಿತ್ತು. ಮಗ್ ಕಪಾಟಿನಲ್ಲೇ ಇದೆ, ಮನೆಗೆ ತಗೊಂಡು ಹೋಗಲಿಲ್ಲ.

ಇಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರು, ಮಾಡಿಸುವವರು ಇಬ್ಬರೂ ಇದ್ದೀರಿ. ಜನ ಉಳಿಯುವುದು ಯಾವುದಕ್ಕೆ? ಬಿಟ್ಟು ಹೋಗುವುದು ಯಾವುದಕ್ಕೆ? ನನ್ನ ಮನಸ್ಸಿಗೆ ನೋವಾಗುತ್ತೆ ಅಂತ ಮುಚ್ಚಿಡಬೇಡಿ.

ಚಿಕ್ಕ ಕುರ್ಚಿ

ಮೇಡಂ, ಹನ್ನೊಂದು ವರ್ಷದಿಂದ ಒಂದೂವರೆಯಿಂದ ಮೂರು ವರ್ಷದ ಮಕ್ಕಳನ್ನೇ ನೋಡಿಕೊಳ್ಳುತ್ತಿದ್ದೇನೆ. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮಲ್ಲಿ ಟೀಚರ್‌ಗೆ ಟಾಯ್ಲೆಟ್‌ಗೆ ಹೋಗಬೇಕು ಅನ್ನಿಸಿದರೆ ಅವರು ಏನು ಮಾಡುತ್ತಾರೆ?

ತಮಾಷೆಗೆ ಕೇಳುತ್ತಿಲ್ಲ. ನಾನು ಮೊದಲು ಇದ್ದ ಕಡೆ ಹೀಗಿತ್ತು: ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಕೇಳಬೇಕು. ಅವರೂ ಡಯಾಪರ್ ಬದಲಿಸುತ್ತಿದ್ದರೆ ವಾಪಸ್ ಬರಬೇಕು. ಎರಡು ಸಲ ಹೀಗಾದ ಮೇಲೆ ಕೇಳುವುದೇ ಬೇಡ ಅನ್ನಿಸುತ್ತೆ. ಆಮೇಲೆ ಏನು ಮಾಡುತ್ತೀವಿ ಗೊತ್ತಾ? ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತೀವಿ. ಒಂದೇ ವರ್ಷದಲ್ಲಿ ನನಗೆ ಮೂರು ಸಲ ಮೂತ್ರದ ಸೋಂಕಾಯಿತು. ಮೂರನೇ ಸಲ ಡಾಕ್ಟರ್, "ನೀವು ಏನು ಕೆಲಸ ಮಾಡ್ತೀರಿ?" ಅಂತ ಕೇಳಿದರು. ಹೇಳಿದೆ. "ಓ, ಟೀಚರ್ರಾ," ಅಂದು ಬರೆದುಕೊಂಡರು. ಇನ್ನೇನೂ ಕೇಳಲಿಲ್ಲ.

ಈಗಿರುವ ಕಡೆ ಸಂಬಳ ಅಲ್ಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಒಬ್ಬರು ಬಂದು "ನೀವು ಹೋಗಿ ಬನ್ನಿ, ನಾನಿರ್ತೀನಿ" ಅನ್ನುತ್ತಾರೆ. ನಾನು ಕೇಳುವ ಹಾಗಿಲ್ಲ, ಅವರೇ ಬರುತ್ತಾರೆ. ಆರು ವರ್ಷ ಆಯಿತು, ಇಲ್ಲೇ ಇದ್ದೇನೆ.

ನೀಲಿ ಬಾಗಿಲು

ನಿಜ ಹೇಳಬೇಕು ಅಂದರೆ, ಗೊತ್ತಿಲ್ಲ. ಹೋಗುತ್ತಾರೆ, ಬರುತ್ತಾರೆ ಅಂದುಕೊಂಡಿದ್ದೆ. ಸೋಮವಾರದಿಂದ ಕೂತು ನೋಡುತ್ತೇನೆ, ಆಮೇಲೆ ಬರೆಯುತ್ತೇನೆ.

ಹಳೇ ಗಂಟೆ

ನಾನು ಈಗ ನಿವೃತ್ತಿ. ಮುಖ್ಯಸ್ಥೆಯಾಗಿದ್ದಾಗ ನೀಲಿ ಬಾಗಿಲು ಅವರು ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ. ಮಗ್ ಅಲ್ಲ, ನಾನು ಕೊಟ್ಟಿದ್ದು ಚೀಲ.

'ಬರ್ನ್‌ಔಟ್', ಅಂದರೆ ಕೆಲಸದಿಂದ ಪೂರ್ತಿ ಬಳಲಿ ಹೋಗುವುದು, ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅನ್ನುವ ಮನಃಶಾಸ್ತ್ರಜ್ಞ ಅದರ ಬಗ್ಗೆ ಬರೆದರು. ಮೂರೇ ವರ್ಷಕ್ಕೆ, 1977ರಲ್ಲಿ, ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಅಯಾಲಾ ಪೈನ್ಸ್ ಡೇಕೇರ್ ಸಿಬ್ಬಂದಿಯನ್ನೇ ಇಟ್ಟುಕೊಂಡು ಅಧ್ಯಯನ ಮಾಡಿದರು. ಅಂದರೆ ನಮ್ಮ ಕೆಲಸದ ಸುಸ್ತಿನ ಮೇಲೆ ಸುಮಾರು ಐವತ್ತು ವರ್ಷದ ಹಿಂದೆಯೇ ಬೆಳಕು ಬಿದ್ದಿತ್ತು. ಅವರು ನೋಡಿದ್ದು ಏನನ್ನು ಅಂದರೆ ಒಬ್ಬರಿಗೆ ಎಷ್ಟು ಮಕ್ಕಳು, ಎಷ್ಟು ಹೊತ್ತು ಕೆಲಸ, ಮಧ್ಯೆ ಮಕ್ಕಳಿಂದ ದೂರ ಇರಲು ಬಿಡುವು ಇದೆಯಾ, ಸಿಬ್ಬಂದಿ ಒಟ್ಟಿಗೆ ಕೂತು ಮಾತಾಡುತ್ತಾರಾ. ಎಲ್ಲವೂ ಕೆಲಸವನ್ನು ಹೇಗೆ ಜೋಡಿಸಿದ್ದೇವೆ ಅನ್ನುವ ಪ್ರಶ್ನೆಗಳೇ. ಟೀಚರ್ ಗಟ್ಟಿಗಿತ್ತಿಯಾ, ಅಳುಬುರುಕಿಯಾ ಅನ್ನುವುದಲ್ಲ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೂಡ ಬರ್ನ್‌ಔಟ್ ಅನ್ನು ಕಾಯಿಲೆ ಅಂತ ಕರೆಯಲಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಿಟ್ಟಾಗ ಆಗುವಂಥದ್ದು ಅಂದಿತು. ಮೂರು ಗುರುತು ಹೇಳಿತು: ಶಕ್ತಿ ಪೂರ್ತಿ ಬತ್ತಿ ಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ನನ್ನ ಕೈಲಿ ಏನೂ ಆಗುತ್ತಿಲ್ಲ ಅನ್ನಿಸುವುದು.

ಎರಡನೆಯದನ್ನು ಗಮನಿಸಿ. ಚೆನ್ನಾಗಿದ್ದ ಟೀಚರ್ ಒಂದು ದಿನ ಮಗುವನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು "ಆ ಅಳೋ ಹುಡುಗ" ಅನ್ನಲು ಶುರು ಮಾಡುತ್ತಾರೆ. ಅದನ್ನು ಕೇಳಿಸಿಕೊಂಡಾಗ ನಾವು ಬೈಯುತ್ತೇವೆ. ಬೈಯುವ ಮುಂಚೆ ಅವರ ಪಾಳಿ ಪಟ್ಟಿ ತೆಗೆದು ನೋಡಬೇಕಿತ್ತು. ನಾನು ನೋಡಲಿಲ್ಲ.

ಲೆಕ್ಕದ ಪುಸ್ತಕ

ಎಲ್ಲಾ ಸರಿ. ಆದರೆ ದುಡ್ಡು ಎಲ್ಲಿಂದ ಬರಬೇಕು? ನಾನೂ ಒಂದು ಚಿಕ್ಕ ಕೇಂದ್ರ ನಡೆಸುತ್ತೇನೆ. ಬಾಡಿಗೆ, ಸಂಬಳ, ವಿಮೆ ಕಳೆದರೆ ಉಳಿಯುವುದು ಹೇಳಿಕೊಳ್ಳುವ ಹಾಗಿಲ್ಲ. ಶುಲ್ಕ ಏರಿಸಿದರೆ ಪಾಲಕರು ಬೇರೆ ಕಡೆ ಹೋಗುತ್ತಾರೆ. "ಬದಲಿಗೆ ಒಬ್ಬರನ್ನು ಇಡಿ" ಅಂತ ಬರೆಯುವುದು ಸುಲಭ, ತಿಂಗಳ ಕೊನೆಗೆ ಸಂಬಳ ಕೊಡುವವರು ಯಾರು? ನಮ್ಮಲ್ಲಿ ಎಲ್ಲರೂ ಒಂದು ಕುಟುಂಬದ ಹಾಗಿದ್ದೇವೆ, ಒಬ್ಬರಿಗೊಬ್ಬರು ಹೊಂದಿಕೊಂಡು ಹೋಗುತ್ತೇವೆ. ಎಲ್ಲಕ್ಕೂ ಪಾಳಿ, ನಿಯಮ ಅಂತ ಹೋದರೆ ಪ್ರೀತಿ ಉಳಿಯಲ್ಲ.

ಚಿಕ್ಕ ಕುರ್ಚಿ

ಸರ್, ದುಡ್ಡಿನ ಮಾತು ಒಪ್ಪುತ್ತೇನೆ. ಆ 'ಕುಟುಂಬ' ಅನ್ನುವ ಮಾತು ಮಾತ್ರ ಒಪ್ಪಲ್ಲ.

ಯಾವ ಕೇಂದ್ರದಲ್ಲಿ "ನಾವೆಲ್ಲ ಒಂದೇ ಕುಟುಂಬ" ಅಂತ ಜಾಸ್ತಿ ಹೇಳಿದರೋ ಅಲ್ಲೇ ನನ್ನ ಹೆಚ್ಚುವರಿ ಗಂಟೆಗೆ ಸಂಬಳ ಸಿಕ್ಕಿರಲಿಲ್ಲ. ಸಂಜೆ ಒಂದು ಮಗುವಿನ ಅಪ್ಪ ಅಮ್ಮ ಮುಕ್ಕಾಲು ಗಂಟೆ ತಡ ಮಾಡುತ್ತಾರೆ. ನಾನು ಕೂತಿರುತ್ತೇನೆ. ಮಗು ಬಾಗಿಲನ್ನೇ ನೋಡುತ್ತಿರುತ್ತೆ, ನಾನು ಗಡಿಯಾರ ನೋಡುತ್ತಿರುತ್ತೇನೆ. ತಡವಾಗಿ ಬಂದಿದ್ದಕ್ಕೆ ಪಾಲಕರಿಂದ ದಂಡ ವಸೂಲಿ ಮಾಡುತ್ತಿದ್ದರು. ಅದರಲ್ಲಿ ಕೂತಿದ್ದವರಿಗೆ ಏನೂ ಇಲ್ಲ. ಕೇಳಿದ್ದಕ್ಕೆ "ಮನೆಯವರ ಹತ್ತಿರ ಲೆಕ್ಕ ಹಾಕ್ತಾರಾ?" ಅಂದರು.

ಹಾಕಬೇಕು ಸರ್. ಲೆಕ್ಕ ಸರಿಯಿದ್ದರೆ ಪ್ರೀತಿ ತಾನಾಗೇ ಬರುತ್ತೆ.

ಹಳೇ ಗಂಟೆ

ಲೆಕ್ಕದ ಪುಸ್ತಕ ಅವರೇ, ನಿಮ್ಮ ಕಷ್ಟ ಸುಳ್ಳಲ್ಲ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಎಷ್ಟೋ ದೇಶಗಳಲ್ಲಿ ಹೀಗೇ ಸಿಕ್ಕಿಕೊಂಡಿದೆ: ಪಾಲಕರಿಗೆ ಶುಲ್ಕ ಜಾಸ್ತಿ, ಟೀಚರ್‌ಗೆ ಸಂಬಳ ಕಡಿಮೆ. ಯಂತ್ರ ತಂದು ಕೆಲಸ ಬೇಗ ಮುಗಿಸುವ ದಾರಿಯೂ ಇಲ್ಲ. ಒಂದು ತೊಡೆಯ ಮೇಲೆ ನಾಲ್ಕು ಕೂಸು ಕೂರಿಸಲು ಆಗಲ್ಲ.

ಆದರೂ ಒಂದು ಹಳೇ ಅಂಕಿ ಹೇಳಿಬಿಡುತ್ತೇನೆ. 1980ರ ದಶಕದ ಕೊನೆಗೆ ಅಮೆರಿಕದಲ್ಲಿ ಮಾರ್ಸಿ ವೈಟ್‌ಬುಕ್ ಮತ್ತು ಜೊತೆಗಾರರು ಐದು ನಗರಗಳ 227 ಡೇಕೇರ್‌ಗಳನ್ನು ನೋಡಿ, 1989ರಲ್ಲಿ ವರದಿ ಕೊಟ್ಟರು. ವರ್ಷಕ್ಕೆ 100ರಲ್ಲಿ 41 ಜನ ಕೆಲಸ ಬಿಡುತ್ತಿದ್ದರು. 1977ರಲ್ಲಿ ಅದು 15 ಇತ್ತು. ಮಕ್ಕಳಿಗೆ ಸಿಗುವ ಆರೈಕೆ ಎಷ್ಟು ಚೆನ್ನಾಗಿರುತ್ತೆ ಅನ್ನುವುದನ್ನು ಹೇಳಲು ಸಿಬ್ಬಂದಿಯ ಕೆಲಸದ ಪರಿಸ್ಥಿತಿಗೆ ಸೇರಿದ ವಿಷಯಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಸುಳಿವು ಅಂತ ಅವರಿಗೆ ಕಂಡಿದ್ದು ಸಿಬ್ಬಂದಿಯ ಸಂಬಳ.

ಸಂಬಳ ಇವತ್ತೇ ಏರಿಸಲು ಆಗಲ್ಲ, ಆಯಿತು. ಆದರೆ ಉಸಿರಾಟದ ವ್ಯಾಯಾಮ ಸಂಬಳದ ಜಾಗಕ್ಕೆ ಬರಲ್ಲ. ಅದನ್ನು ಬಾಯಿಬಿಟ್ಟು ಒಪ್ಪಿಕೊಂಡರೂ ಸಾಕು, ಸಿಬ್ಬಂದಿಗೆ ಅರ್ಧ ಸಮಾಧಾನ ಆಗುತ್ತೆ. ಕಡಿಮೆ ಕೊಟ್ಟು, ಅದರ ಮೇಲೆ ಥ್ಯಾಂಕ್ಸ್ ಕೂಡ ಹೇಳಿಸಿಕೊಳ್ಳುವುದೇ ಜನರಿಗೆ ತಡೆಯಲಾಗದ್ದು.

ಒಬ್ಬ ಅಪ್ಪ

ನಾನು ಟೀಚರ್ ಅಲ್ಲ, ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಮಗಳಿಗೆ ಈಗ ಎರಡೂವರೆ. ಒಂದೇ ವರ್ಷದಲ್ಲಿ ಅವಳ ಕೋಣೆಗೆ ನಾಲ್ಕನೇ ಮಿಸ್ ಬಂದಿದ್ದಾರೆ. ಎರಡನೇ ಮಿಸ್ ಹೋದಾಗ ಯಾರೂ ಅವಳಿಗೆ ಹೇಳಲಿಲ್ಲ, ನಮಗೂ ಹೇಳಲಿಲ್ಲ. ಒಂದು ತಿಂಗಳು ರಾತ್ರಿ ಎದ್ದು ಕೂತು ಆ ಮಿಸ್ ಹೆಸರು ಕರೆಯುತ್ತಿದ್ದಳು. ಮೂರನೆಯವರು ಹೋದಾಗ ಅವಳು ಅಳಲಿಲ್ಲ. ಅದೇ ನನಗೆ ಜಾಸ್ತಿ ಭಯ ಹುಟ್ಟಿಸಿತು.

ಶುಲ್ಕ ಸ್ವಲ್ಪ ಏರಿಸಿ, ಅದು ನೇರ ಟೀಚರ್ ಸಂಬಳಕ್ಕೆ ಹೋಗುತ್ತೆ ಅಂತ ತೋರಿಸಿದರೆ ನಾನು ಕೊಡುತ್ತೇನೆ. ಎಲ್ಲರೂ ಕೊಡಲಿಕ್ಕಿಲ್ಲ. ಆದರೆ ನಮ್ಮನ್ನು ಯಾರಾದರೂ ಕೇಳಿದ್ದಾರಾ?

ಇನ್ನೊಂದು ವಿಷಯ, ಇದು ನನ್ನ ತಪ್ಪು. ರಾತ್ರಿ ಹತ್ತೂವರೆಗೆ ಟೀಚರ್‌ಗೆ ವಾಟ್ಸಾಪ್ ಮಾಡುತ್ತಿದ್ದೆ. "ಇವತ್ತು ಸರಿಯಾಗಿ ಊಟ ಮಾಡಿದ್ಳಾ?" ಅಂತ. ಐದು ನಿಮಿಷದಲ್ಲಿ ಉತ್ತರ ಬರುತ್ತಿತ್ತು. ಎಷ್ಟು ಒಳ್ಳೆಯವರು ಅಂದುಕೊಂಡಿದ್ದೆ. ಅವರೂ ಕೆಲಸ ಬಿಟ್ಟರು.

ಮೊದಲ ವರ್ಷ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಕೋರ್ಸ್ ಮುಗಿಸಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು.

ಮೂರನೇ ತಿಂಗಳಲ್ಲಿ ನನ್ನ ಕೋಣೆಯಲ್ಲಿ ಒಂದು ಮಗು ಇನ್ನೊಂದು ಮಗುವಿನ ಕೆನ್ನೆ ಕಚ್ಚಿತು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ, ಒಬ್ಬಳ ಶೂ ಹಾಕುತ್ತಿದ್ದೆ. ಸದ್ದು ಕೇಳಿ ತಿರುಗುವಷ್ಟರಲ್ಲಿ ಆಗಿಹೋಗಿತ್ತು. ತಣ್ಣನೆ ಬಟ್ಟೆ ಇಟ್ಟೆ, ಪುಸ್ತಕದಲ್ಲಿ ಬರೆದೆ, ಮೇಡಂಗೆ ಹೇಳಿದೆ. ಸಂಜೆ ಆ ಮಗುವಿನ ಅಮ್ಮ ಬಂದು ಎಲ್ಲರ ಎದುರು ಕೂಗಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತೆ. ಕೆನ್ನೆ ಮೇಲೆ ಹಲ್ಲಿನ ಅಚ್ಚು ಎದ್ದು ಕಾಣುತ್ತಿತ್ತು.

ಅರ್ಥವಾಗದೆ ಇದ್ದದ್ದು ನಮ್ಮ ಮೇಡಂ ಪಕ್ಕದಲ್ಲೇ ನಿಂತು, "ಹೊಸಬರು, ಇನ್ನು ಮೇಲೆ ಗಮನ ಕೊಡೋಕೆ ಹೇಳ್ತೀನಿ" ಅಂದಿದ್ದು. ಆ ಕೋಣೆಯಲ್ಲಿ ಅವತ್ತು 13 ಮಕ್ಕಳಿಗೆ ನಾನೊಬ್ಬಳೇ ಇದ್ದೆ, ಸಹಾಯಕಿಯನ್ನು ಬೇರೆ ಕೋಣೆಗೆ ಕಳಿಸಿದ್ದು ಮೇಡಂ ಅವರೇ. ಅದನ್ನು ಹೇಳಲಿಲ್ಲ. ಆಟಿಕೆ ಇಡುವ ಕೋಣೆಗೆ ಹೋಗಿ ಅತ್ತೆ. ಹೊರಗೆ ಬಂದು ಮತ್ತೆ ನಗುಮುಖ ಮಾಡಿಕೊಂಡು ಉಳಿದ ಮಕ್ಕಳನ್ನು ಬೀಳ್ಕೊಟ್ಟೆ.

ಅದಾದ ಮೇಲೆ ಚಿಕ್ಕಪುಟ್ಟ ಗಾಯ ಪುಸ್ತಕದಲ್ಲಿ ಬರೆಯುವಾಗ ಕೈ ತಡೆಯುತ್ತೆ. ಬರೆಯುತ್ತೇನೆ. ಆದರೆ ಬರೆಯದೇ ಬಿಡೋಣ ಅನ್ನುವ ಯೋಚನೆ ಬರುತ್ತೆ, ಸುಳ್ಳು ಹೇಳಲ್ಲ.

ಹಳೇ ಗಂಟೆ

ಮಗಾ, ನೀನು ಬರೆದ ಕೊನೆಯ ನಾಲ್ಕು ಸಾಲು ಎಲ್ಲಾ ಮುಖ್ಯಸ್ಥರೂ ಓದಬೇಕು.

ಏಮಿ ಎಡ್ಮಂಡ್ಸನ್ ಅಂತ ಒಬ್ಬರು 1990ರ ದಶಕದಲ್ಲಿ ಆಸ್ಪತ್ರೆಯ ನರ್ಸ್ ತಂಡಗಳನ್ನು ನೋಡಿದರು. ಒಳ್ಳೆಯ ತಂಡದಲ್ಲಿ ಔಷಧದ ತಪ್ಪುಗಳು ಕಡಿಮೆ ಇರುತ್ತವೆ ಅಂದುಕೊಂಡು ಹೋದರು. ಅಂಕಿ ನೋಡಿದರೆ ಉಲ್ಟಾ, ಒಳ್ಳೆಯ ತಂಡದಲ್ಲೇ ಜಾಸ್ತಿ ತಪ್ಪುಗಳ ದಾಖಲೆ ಇತ್ತು! ಆಮೇಲೆ ಗೊತ್ತಾಗಿದ್ದು ಏನಂದರೆ ಅವರು ಜಾಸ್ತಿ ತಪ್ಪು ಮಾಡುತ್ತಿರಲಿಲ್ಲ, ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು.

ಎರಡು ವರ್ಷದ ಮಕ್ಕಳ ಕೋಣೆಯಲ್ಲಿ ಆರು ತಿಂಗಳು ಒಬ್ಬರೂ ಕಚ್ಚಿದ್ದು ದಾಖಲಾಗಿಲ್ಲ ಅಂದರೆ ಖುಷಿ ಪಡಬೇಡಿ. ಆ ವಯಸ್ಸಿನವರು ಕಚ್ಚುತ್ತಾರೆ. ಮಾತು ಇನ್ನೂ ಬಂದಿಲ್ಲ, ಹಲ್ಲು ಬಂದಿದೆ. ದಾಖಲೆ ಇಲ್ಲ ಅಂದರೆ ನಿಮ್ಮ ಸಿಬ್ಬಂದಿ ನಿಮಗೆ ಹೆದರುತ್ತಿದ್ದಾರೆ.

ಇನ್ನು ಆ ನಗುಮುಖ. ಆರ್ಲಿ ಹಾಕ್‌ಶೀಲ್ಡ್ ಅನ್ನುವ ಸಮಾಜಶಾಸ್ತ್ರಜ್ಞೆ 1983ರಲ್ಲಿ ಇದಕ್ಕೆ ಭಾವನೆಯ ದುಡಿಮೆ ಅಂತ ಹೆಸರಿಟ್ಟರು. ಅವರು ಮುಖ್ಯವಾಗಿ ನೋಡಿದ್ದು ವಿಮಾನದ ಗಗನಸಖಿಯರನ್ನು. ಒಳಗೊಂದು ಇಟ್ಟುಕೊಂಡು ಮುಖದ ಮೇಲೆ ಇನ್ನೊಂದು ತೋರಿಸುವುದು ಕೂಡ ದುಡಿಮೆಯೇ, ಅದರಿಂದಲೂ ಸುಸ್ತಾಗುತ್ತೆ. ಗಗನಸಖಿಯ ಎದುರಿಗಿರುವುದು ಕೆಲವು ಗಂಟೆ ಕೂತು ಇಳಿದು ಹೋಗುವ ದೊಡ್ಡವರು. ನಮ್ಮ ಎದುರಿಗೆ ದಿನವಿಡೀ ನಮ್ಮ ಮುಖವನ್ನೇ ಓದುವ ಕೂಸುಗಳು.

ನೀಲಿ ಬಾಗಿಲು

ನೋಡಿ ಹೇಳುತ್ತೇನೆ ಅಂದಿದ್ದೆ ಅಲ್ವಾ. ಮೂರು ದಿನ ನೋಟ್‌ಬುಕ್ ಹಿಡಿದು ಎರಡು ವರ್ಷದವರ ಕೋಣೆಯ ಮೂಲೆಯಲ್ಲಿ ಕೂತೆ. ಟೀಚರ್‌ಗೆ ಮೊದಲೇ ಹೇಳಿದೆ, "ನಿಮ್ಮನ್ನು ನೋಡೋಕೆ ಬಂದಿಲ್ಲ, ನಾನು ಮಾಡಿರೋ ಪಾಳಿ ಪಟ್ಟಿ ನೋಡೋಕೆ ಬಂದಿದ್ದೀನಿ" ಅಂತ. ನಂಬಲಿಲ್ಲ ಅನ್ನಿಸುತ್ತೆ. ಎರಡನೇ ದಿನದಿಂದ ಸ್ವಲ್ಪ ಸಲೀಸಾದರು.

ಹನ್ನೊಂದು ಮಕ್ಕಳು, ಇಬ್ಬರು ದೊಡ್ಡವರು. ಮೊದಲ ದಿನ ಬೆಳಿಗ್ಗೆ 8.10ಕ್ಕೆ ಒಳಗೆ ಬಂದ ಟೀಚರ್ 1.25ರ ತನಕ ಹೊರಗೆ ಕಾಲಿಡಲಿಲ್ಲ. ಒಂಬತ್ತೂವರೆಯಿಂದ ಹತ್ತರ ಒಳಗೆ 'ಮಿಸ್' ಅನ್ನುವ ಕೂಗು 64 ಸಲ ಎಣಿಸಿ ಬಿಟ್ಟುಬಿಟ್ಟೆ. ಪಟ್ಟಿಯಲ್ಲಿ '11.00ರಿಂದ 11.15 ಬಿಡುವು' ಅಂತ ನನ್ನದೇ ಕೈಬರಹದಲ್ಲಿದೆ. 11.00ಕ್ಕೆ ಸರಿಯಾಗಿ ಒಂದು ಮಗು ವಾಂತಿ ಮಾಡಿತು. ಇನ್ನೆರಡು ದಿನ ಏನೂ ಆಗಲಿಲ್ಲ, ಆದರೂ ಅವರು ಹೋಗಲಿಲ್ಲ. ಯಾಕೆ ಅಂತ ಕೇಳಿದೆ. "ಹೋದರೆ ಅವಳೊಬ್ಬಳೇ ಆಗ್ತಾಳೆ ಮೇಡಂ" ಅಂದರು. ಬಿಡುವು ಅಂತ ಬರೆದಿದ್ದೆ, ಆ ಹೊತ್ತಿಗೆ ಕೋಣೆಯಲ್ಲಿ ಯಾರು ಅಂತ ಬರೆದಿರಲಿಲ್ಲ.

ಮಕ್ಕಳು ಮಲಗಿದಾಗ ಇವರಿಗೆ ವಿಶ್ರಾಂತಿ ಅಂತ ನಾನು ತಿಳಿದಿದ್ದೆ. ಆ ಹೊತ್ತಲ್ಲಿ ಅವರು ಪಾಲಕರಿಗೆ ಫೋಟೋ ಕಳಿಸುತ್ತಾರೆ, ದಿನದ ವರದಿ ಬರೆಯುತ್ತಾರೆ, ನಾಳೆಗೆ ಬಣ್ಣದ ಕಾಗದ ಕತ್ತರಿಸುತ್ತಾರೆ, ಮಧ್ಯೆ ಮಧ್ಯೆ ಎದ್ದು ಮಕ್ಕಳ ಉಸಿರು ನೋಡುತ್ತಾರೆ. ಊಟವೂ ಅಲ್ಲೇ, ಕತ್ತಲಲ್ಲಿ, ಡಬ್ಬಿ ಮುಚ್ಚಳ ಸದ್ದಾಗದ ಹಾಗೆ ತೆಗೆದು.

ಆ ಮುಚ್ಚಳ ತೆಗೆದ ರೀತಿ ಕಣ್ಣಿಂದ ಹೋಗುತ್ತಿಲ್ಲ.

ಎರಡನೇ ಪಾಳಿ

ನಾನು ಸಹಾಯಕಿ. ಕೆಲವರು ಆಯಾ ಅನ್ನುತ್ತಾರೆ. ಇಲ್ಲಿ ಎಲ್ಲರೂ ಟೀಚರ್ ಟೀಚರ್ ಅಂತಲೇ ಬರೆದಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ತಿಂಗಳಿಗೊಂದು ಮೀಟಿಂಗ್ ಇರುತ್ತೆ. ಆ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವವರು ನಾವು, ಹಾಗಾಗಿ ಇವತ್ತಿನ ತನಕ ನಾವು ಯಾರೂ ಮೀಟಿಂಗ್‌ನಲ್ಲಿ ಕೂತಿಲ್ಲ. ಒಂದು ಮಗುವಿಗೆ ಅಲರ್ಜಿ ಇದೆ ಅನ್ನುವುದು ಮೀಟಿಂಗ್‌ನಲ್ಲಿ ಹೇಳಿದ್ದರಂತೆ. ತಿನ್ನಿಸುವವಳು ನಾನು. ನನಗೆ ಗೊತ್ತಾಗಿದ್ದು ಆರು ದಿನ ಆದ ಮೇಲೆ, ಅದೂ ಆ ಮಗುವಿನ ಅಜ್ಜಿ ಹೇಳಿ.

ಇನ್ನೊಂದು. ನಾನು ಬಸುರಿ ಇದ್ದಾಗ ಐದು ತಿಂಗಳ ತನಕ ಡಯಾಪರ್ ಬದಲಿಸುವ ಕೆಲಸವೇ ನನ್ನದು. ಚಿಕ್ಕ ಮಕ್ಕಳ ಜೊಲ್ಲು, ಮೂತ್ರದಲ್ಲಿ ಸೈಟೋಮೆಗಾಲೊ ವೈರಸ್ ಅನ್ನುವುದು ಇರಬಹುದು, ಹೊಟ್ಟೆಯಲ್ಲಿರುವ ಕೂಸಿಗೆ ತೊಂದರೆ ಆಗಬಹುದು, ಪ್ರತಿ ಸಲ ಸೋಪು ಹಾಕಿ ಕೈ ಚೆನ್ನಾಗಿ ತೊಳೆಯಬೇಕು, ಮಕ್ಕಳ ಚಮಚ ನಾವು ಬಾಯಿಗಿಡಬಾರದು ಅಂತ ನನಗೆ ಹೇಳಿದ್ದು ಆಸ್ಪತ್ರೆಯ ನರ್ಸ್. ಕೆಲಸದ ಜಾಗದಲ್ಲಿ ಯಾರೂ ಹೇಳಲಿಲ್ಲ. ದೇವರ ದಯೆ, ಏನೂ ಆಗಲಿಲ್ಲ. ಅವರಿಗೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ.

ಮಗ್ ಕೊಡುವಾಗ ನಮ್ಮ ಹೆಸರೂ ಬರೆಸಿದ್ದೀರಾ ಮೇಡಂ? ಅದಕ್ಕೆ ನಿಮಗೆ ಒಂದು ಥ್ಯಾಂಕ್ಸ್. ಎಷ್ಟೋ ಕಡೆ ನಮ್ಮ ಹೆಸರೇ ಗೊತ್ತಿರಲ್ಲ.

ಹಳೇ ಗಂಟೆ

ತಾಯಿ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2013ರಲ್ಲಿ ಚಿಕ್ಕ ಮಕ್ಕಳ ಶಿಕ್ಷಣದಲ್ಲಿ ಕೆಲಸ ಮಾಡುವವರಿಗೆ ಅಂತಲೇ ಮಾರ್ಗಸೂಚಿ ಒಪ್ಪಿತು. ಅದರಲ್ಲಿ ಸಹಾಯಕರನ್ನೂ ಸೇರಿಸಿಯೇ ಮಾತಾಡಿದ್ದಾರೆ. ನಾನು ಮುಖ್ಯಸ್ಥೆಯಾಗಿದ್ದ ಹದಿನೆಂಟು ವರ್ಷದಲ್ಲಿ ಸಹಾಯಕಿಯರನ್ನು ಮೀಟಿಂಗ್‌ಗೆ ಕರೆದದ್ದು ಕೊನೆಯ ನಾಲ್ಕು ವರ್ಷ ಮಾತ್ರ.

ಗಡ್ಡದ ಮೇಷ್ಟ್ರು

ಮನಸ್ಸಿನ ಬಗ್ಗೆ ಸಾಕಷ್ಟು ಮಾತಾಯಿತು, ನಾನು ಮೈ ಬಗ್ಗೆ ಹೇಳುತ್ತೇನೆ. (ಹೌದು, ಪ್ರೀಸ್ಕೂಲ್‌ನಲ್ಲಿ ಗಂಡಸು. ಪಾಲಕರು ಮೊದಲ ವಾರ ನೋಡುವ ನೋಟದ ಕಥೆ ಇನ್ನೊಮ್ಮೆ ಹೇಳುತ್ತೇನೆ.)

ಕೋಣೆಯಲ್ಲಿ ದೊಡ್ಡವರ ಅಳತೆಯ ಒಂದು ಕುರ್ಚಿ ಇದೆಯಾ ನೋಡಿ. ನಮ್ಮಲ್ಲಿ ಇರಲಿಲ್ಲ. ಏಳು ವರ್ಷ ಮೊಣಕಾಲು ಎದೆಗೆ ತಾಗುವ ಕುರ್ಚಿಯಲ್ಲಿ ಕೂತು ನನ್ನ ಸೊಂಟ ಹೋಯಿತು. ಡಯಾಪರ್ ಬದಲಿಸುವ ಮೇಜಿನ ಪಕ್ಕ ಎರಡು ಮೆಟ್ಟಿಲ ಚಿಕ್ಕ ಏಣಿ ಇಟ್ಟರೆ ನಡೆಯುವ ಮಕ್ಕಳು ತಾವೇ ಹತ್ತುತ್ತಾರೆ. ಹನ್ನೆರಡು ಕಿಲೋ ತೂಕವನ್ನು ದಿನಕ್ಕೆ ಇಪ್ಪತ್ತು ಸಲ ಎತ್ತುವುದು ತಪ್ಪುತ್ತೆ. ಮಕ್ಕಳಿಗೂ ಅದೊಂದು ಆಟ.

ಆಮೇಲೆ ಸದ್ದು. ಕಾರ್ಖಾನೆಯಂಥ ಕೆಲಸದ ಜಾಗಗಳಿಗೆ, ದುಡಿಯುವವರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಸಲಹೆ ಹೀಗಿದೆ: 85 ಡೆಸಿಬಲ್ ಸದ್ದಿನಲ್ಲಿ ಹೆಚ್ಚೆಂದರೆ ಎಂಟು ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಹೊತ್ತು ಅರ್ಧಕ್ಕಿಳಿಯುತ್ತೆ. ಅಂದರೆ 94ಕ್ಕೆ ಒಂದೇ ಗಂಟೆ. ನಮ್ಮ ಕೋಣೆಯಲ್ಲಿ ಮರದ ಬ್ಲಾಕ್‌ಗಳನ್ನು ಡಬ್ಬಕ್ಕೆ ಸುರಿಯುವಾಗ ಫೋನಿನಲ್ಲಿ ಅಳೆದರೆ 91 ತೋರಿಸಿತು. ಫೋನ್ ಅಳತೆ ಅಷ್ಟು ಕರಾರುವಾಕ್ಕಲ್ಲ, ಮತ್ತೆ ಅದು ದಿನವಿಡೀ ಇರುವ ಸದ್ದೂ ಅಲ್ಲ. ಆದರೆ ಆ ಸದ್ದಿನ ಮೇಲೆ ಮಾತಾಡಲು ನಾವು ಗಂಟಲು ಏರಿಸುತ್ತೇವೆ, ಅದು ಕೇಳಿ ಮಕ್ಕಳು ಇನ್ನೂ ಏರಿಸುತ್ತಾರೆ. ಸಂಜೆಗೆ ದನಿ ಒಡೆದು ಹೋಗಿರುತ್ತೆ. ಕುರ್ಚಿ ಕಾಲಿಗೆ ದಪ್ಪ ಬಟ್ಟೆ ಅಂಟಿಸಿದೆವು, ಬ್ಲಾಕ್ ಮೂಲೆಗೆ ಜಮಖಾನ ಹಾಸಿದೆವು, ಡಬ್ಬದ ಬದಲು ಬಟ್ಟೆ ಬುಟ್ಟಿ ಇಟ್ಟೆವು. ಆ ಕೋಣೆಯ ಆ ಮೂಲೆಯಿಂದ ಕೂಗುವುದನ್ನು ಬಿಟ್ಟು ಹತ್ತಿರ ಹೋಗಿ ಮಾತಾಡುವುದು ಅಂತ ನಮ್ಮ ನಮ್ಮಲ್ಲೇ ಒಪ್ಪಂದ ಮಾಡಿಕೊಂಡೆವು. ಇಡೀ ಖರ್ಚು ಆ ನೆಮ್ಮದಿ ದಿನಕ್ಕಿಂತ ಕಡಿಮೆ ಇರಬೇಕು, ಲೆಕ್ಕದ ಪುಸ್ತಕ ಸರ್.

ಲೆಕ್ಕದ ಪುಸ್ತಕ

ಎಲ್ಲರೂ ನನ್ನನ್ನೇ ಹಿಡಿದುಕೊಂಡಿದ್ದೀರಿ. ಇರಲಿ.

ನಿನ್ನೆ ಕೂತು ನಿಜವಾಗಿಯೂ ಲೆಕ್ಕ ಹಾಕಿದೆ. ಕಳೆದ ವರ್ಷ ನನ್ನಲ್ಲಿ ಇಬ್ಬರು ಬಿಟ್ಟರು. ಒಬ್ಬರ ಜಾಗಕ್ಕೆ ಜನ ಹುಡುಕಲು ಐದು ವಾರ. ಅಷ್ಟು ದಿನ ನಾನೇ ಕೋಣೆಯಲ್ಲಿ ನಿಂತಿದ್ದೆ, ಕಚೇರಿ ಕೆಲಸ ರಾತ್ರಿಗೆ. ಹೊಸಬರಿಗೆ ಕಲಿಸಲು ಹಳೆಯವರ ಎರಡು ವಾರ. ಮೂರು ಕುಟುಂಬಗಳು "ಟೀಚರ್ ಬದಲಾಗ್ತಾನೇ ಇರ್ತಾರೆ" ಅಂತ ಮಕ್ಕಳನ್ನು ಬಿಡಿಸಿದರು. ಆ ಮೂರು ಮಕ್ಕಳ ಒಂದು ವರ್ಷದ ಶುಲ್ಕ ಕೂಡಿಸಿ ನೋಡಿದರೆ, ದಿನಕ್ಕೆ ನಾಲ್ಕು ಗಂಟೆ ಬರುವ ಬದಲಿ ಒಬ್ಬರ ಸಂಬಳಕ್ಕೆ ಹತ್ತಿರ ಹತ್ತಿರ ಬರುತ್ತೆ. ಪೂರ್ತಿ ಬರಲ್ಲ. ಪೂರ್ತಿ ಬರುತ್ತೆ ಅಂತ ಯಾರೂ ಹೇಳಿಕೊಂಡು ತಿರುಗಬೇಡಿ.

ಮಕ್ಕಳ ಸಂಖ್ಯೆ ಕಡಿಮೆ ಮಾಡಿ ಅಂತ ಮಾತ್ರ ನನಗೆ ಹೇಳಬೇಡಿ. ಇಂಗ್ಲೆಂಡಿನಲ್ಲೇ 2023ರ ಸೆಪ್ಟೆಂಬರ್‌ನಲ್ಲಿ ಎರಡು ವರ್ಷದವರ ವಿಷಯದಲ್ಲಿ ಒಬ್ಬ ಸಿಬ್ಬಂದಿಗೆ ನಾಲ್ಕು ಮಕ್ಕಳು ಅಂತ ಇದ್ದದ್ದನ್ನು ಐದಕ್ಕೆ ಏರಿಸಿದರು.

ಚಿಕ್ಕ ಕುರ್ಚಿ

ಏರಿಸಿದ್ದು ನಿಜ ಸರ್. ಆದರೆ ಅದು ಇಷ್ಟರ ತನಕ ಹೋಗಬಹುದು ಅನ್ನುವ ಮಿತಿ, ಇಷ್ಟು ತುಂಬಿಸಲೇಬೇಕು ಅಂತಲ್ಲ. ನಿಮ್ಮಲ್ಲಿ ಒಬ್ಬರಿಗೆ ಎಷ್ಟು?

ಲೆಕ್ಕದ ಪುಸ್ತಕ

ಎಂಟು.

ಗಡ್ಡದ ಮೇಷ್ಟ್ರು

ಸರ್...

ಲೆಕ್ಕದ ಪುಸ್ತಕ

ಗೊತ್ತು. ಬರೆಯುವಾಗಲೇ ಗೊತ್ತಾಯಿತು.

ಮೊದಲ ವರ್ಷ

ಒಂದು ಸಣ್ಣ ವಿಷಯ. ಇದನ್ನೆಲ್ಲ ಓದಿದ ಮೇಲೆ ಧೈರ್ಯ ಮಾಡಿ ಮೇಡಂ ಹತ್ತಿರ ಹೋದೆ. ಕಚ್ಚಿದ ದಿನದ ವಿಷಯ ತೆಗೆದೆ. "ಸಹಾಯಕಿ ಇರಲಿಲ್ಲ ಅಂತ ನೀವು ಅವರಿಗೆ ಹೇಳಬಹುದಿತ್ತು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದ್ರೆ ಆ ಪೇರೆಂಟ್ ಮಗು ಬಿಡಿಸ್ತಾರೆ ಅಂತ ಹೆದರಿದೆ" ಅಂದರು. ಕ್ಷಮೆ ಕೇಳಲಿಲ್ಲ. ಆದರೆ ನಿಜ ಹೇಳಿದರು. ಅವರಿಗೂ ಮೇಲೆ ಒಬ್ಬರಿದ್ದಾರಲ್ಲ. ಈಗ ಅಲ್ಲೇ ಇರಬೇಕೋ ಬೇರೆ ಕಡೆ ನೋಡಬೇಕೋ ಗೊತ್ತಾಗುತ್ತಿಲ್ಲ.

ಚಿಕ್ಕ ಕುರ್ಚಿ

ಎರಡು ತಿಂಗಳು ನೋಡು. ಮುಂದಿನ ಸಲ ಪಾಲಕರು ಕೂಗಿದಾಗ ಅವರು ಎಲ್ಲಿ ನಿಲ್ಲುತ್ತಾರೆ ಅನ್ನುವುದನ್ನು ನೋಡಿ ನಿರ್ಧಾರ ಮಾಡು. ಅಷ್ಟರಲ್ಲಿ ನಿನ್ನ ಸರ್ಟಿಫಿಕೇಟ್‌ಗಳನ್ನು ಒಂದು ಕಡೆ ಜೋಡಿಸಿಟ್ಟುಕೋ.

ನೀಲಿ ಬಾಗಿಲು

ಐದು ವಾರದ ಮೇಲೆ ಬರುತ್ತಿದ್ದೇನೆ. ಮಾಡಿದ್ದು, ಕೆಟ್ಟಿದ್ದು ಎರಡೂ ಹೇಳುತ್ತೇನೆ.

ಅರ್ಧ ದಿನಕ್ಕೆ ಒಬ್ಬರನ್ನು ತಗೊಂಡೆ. ಅವರಿಗೆ ಅಂತ ಕೋಣೆ ಇಲ್ಲ. ಒಂಬತ್ತೂವರೆಯಿಂದ ಒಂದೂವರೆ ತನಕ ಕೋಣೆಯಿಂದ ಕೋಣೆಗೆ ಹೋಗಿ, ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ ಬಿಡುಗಡೆ ಕೊಡುವುದೇ ಕೆಲಸ. ಮೊದಲ ವಾರ ಪೂರ್ತಿ ಎಡವಟ್ಟು. ಕೂಸುಗಳ ಕೋಣೆಗೆ ಹೊಸ ಮುಖ ಬಂದ ತಕ್ಷಣ ಮೂರು ಕೂಸು ಒಟ್ಟಿಗೆ ಅಳಲು ಶುರು. ಬಿಡುವಿಗೆ ಹೋದ ಟೀಚರ್ ಅಳು ಕೇಳಿ ವಾಪಸ್ ಓಡಿ ಬಂದರು. ಆಮೇಲೆ ಅವರೇ ದಾರಿ ಹೇಳಿದರು: ಆ ಕೋಣೆಗೆ ಮಾತ್ರ ಹೊಸಬರು ಒಂದು ವಾರ ಸುಮ್ನೆ ಬಂದು ಕೂರಲಿ, ಕೂಸುಗಳಿಗೆ ಮುಖ ಅಭ್ಯಾಸ ಆಗಲಿ. ನನಗೆ ಹೊಳೆದಿರಲಿಲ್ಲ.

ಮೀಟಿಂಗ್ ಈಗ ತಿಂಗಳಿಗೊಂದಲ್ಲ, ಹದಿನೈದು ದಿನಕ್ಕೊಂದು, ಕೆಲಸದ ಹೊತ್ತಲ್ಲೇ. ಸಹಾಯಕಿಯರು ಅರ್ಧ ಅರ್ಧ ಗುಂಪಾಗಿ ಬರುತ್ತಾರೆ. ಇಟಲಿಯ ರೆಜಿಯೊ ಎಮಿಲಿಯಾ ಅನ್ನುವ ಊರಿನ ಚಿಕ್ಕ ಮಕ್ಕಳ ಶಾಲೆಗಳಲ್ಲಿ ಒಂದು ತರಗತಿಗೆ ಇಬ್ಬರು ಟೀಚರ್ ಸಮಾನವಾಗಿ ಇರುತ್ತಾರೆ, ಕೂತು ಮಾತಾಡುವ ಹೊತ್ತು ವಾರದ ಕೆಲಸದ ಲೆಕ್ಕದಲ್ಲೇ ಸೇರಿರುತ್ತೆ ಅಂತ ಓದಿದ್ದೆ. ಅಷ್ಟು ದೂರ ಹೋಗಲು ನನ್ನ ಕೈಲಿ ಆಗಿಲ್ಲ. ಮೊದಲ ಮೀಟಿಂಗ್‌ನಲ್ಲಿ ಯಾರೂ ಬಾಯಿ ಬಿಡಲಿಲ್ಲ. ನಾನೇ ಶುರು ಮಾಡಿದೆ, ನೆಮ್ಮದಿ ದಿನವನ್ನು ಅವರ ರಜೆಯಲ್ಲಿ ಇಟ್ಟಿದ್ದು ನನ್ನ ತಪ್ಪು ಅಂದೆ. ಒಬ್ಬ ಸಹಾಯಕಿ ಪಟ್ ಅಂತ, "ಹೌದು ಮೇಡಂ, ಅವತ್ತು ನನ್ನ ಮಗನ ಹುಟ್ಟಿದ ದಿನ ಇತ್ತು" ಅಂದರು. ಆಮೇಲೆ ಮಾತು ನಿಲ್ಲಿಸುವುದೇ ಕಷ್ಟವಾಯಿತು.

ಪಾಲಕರಿಗೆ ಸಂಜೆ ಆರೂವರೆ ಮೇಲೆ ಟೀಚರ್‌ಗೆ ಮೆಸೇಜ್ ಮಾಡಬೇಡಿ, ಅಂಥ ತುರ್ತಿದ್ದರೆ ನನಗೆ ಮಾಡಿ ಅಂದೆ. ಇಬ್ಬರು ಬೇಜಾರು ಮಾಡಿಕೊಂಡರು. ಉಳಿದವರಿಗೆ ಏನೂ ಅನ್ನಿಸಲಿಲ್ಲ. ನನ್ನ ಫೋನ್ ಮಾತ್ರ ಈಗ ರಾತ್ರಿ ಬಡಿದುಕೊಳ್ಳುತ್ತೆ. ಇದಕ್ಕೂ ಏನಾದರೂ ಮಾಡಬೇಕು.

ಸಂಬಳ ಏರಿಸಲು ಆಗಿಲ್ಲ. ಮುಂದಿನ ವರ್ಷದ ಶುಲ್ಕದ ಜೊತೆ ನೋಡೋಣ ಅಂದಿದ್ದೇನೆ, ಎಷ್ಟು ಅನ್ನುವ ಅಂಕಿಯನ್ನೂ ಹೇಳಿದ್ದೇನೆ. ಅಂಕಿ ಕೇಳಿ ಒಬ್ಬರ ಮುಖ ಚಿಕ್ಕದಾಯಿತು. ನಿನ್ನೆ ಇನ್ನೊಬ್ಬ ಟೀಚರ್ ಬೇರೆ ಕಡೆ ಸಂದರ್ಶನಕ್ಕೆ ಹೋಗಿ ಬಂದೆ ಅಂತ ಅವರೇ ಬಂದು ಹೇಳಿದರು. ಮೊದಲಾಗಿದ್ದರೆ ನನಗೆ ಗೊತ್ತಾಗುತ್ತಿದ್ದದ್ದು ರಾಜೀನಾಮೆ ಪತ್ರದಿಂದ.

ಇವತ್ತು ಬದಲಿಯವರು ರಜೆ. ಹತ್ತೂ ನಲವತ್ತಕ್ಕೆ ನಾನೇ ಎರಡು ವರ್ಷದವರ ಕೋಣೆಗೆ ಹೋಗಿ "ನೀವು ಹೋಗಿ ಬನ್ನಿ" ಅಂದೆ. ಟೀಚರ್ ಒಂದು ಕ್ಷಣ ನನ್ನ ಮುಖ ನೋಡಿ ಹೋದರು. ಏಳು ನಿಮಿಷಕ್ಕೆ ಒಬ್ಬ ನನ್ನ ಮೊಣಕೈ ಕಚ್ಚಿದ. ಪುಸ್ತಕದಲ್ಲಿ ಬರೆದಿದ್ದೇನೆ.

ಎರಡನೇ ಪಾಳಿ

ತಣ್ಣನೆ ಬಟ್ಟೆ ಇಟ್ಟುಕೊಂಡ್ರಾ ಮೇಡಂ?